ಸೇರು ಒದ್ದು ಬಂದವರು

ಹೊಸ ಸೊಸೆ ಗಂಡನ ಮನೆ ಹೊಗುವುದನ್ನು ನೀವೆಲ್ಲ ನೋಡಿದ್ದೀರಿ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿರುತ್ತಾರೆ. ಅದನ್ನು ಬಲಗಾಲಿನಿಂದ ಮೆಲ್ಲಗೆ ಒದ್ದು ಆಕೆ ಒಳಗೆ ಬರಬೇಕು. ಕಾಳಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಆದರೆ ಆ ಒಂದು ದಿನ, ಆ ಒಬ್ಬ ಹುಡುಗಿಗೆ, ಸುತ್ತ ನಿಂತವರೆಲ್ಲ ‘ಒದಿ ತಂಗಿ, ಒದಿ’ ಎಂದು ಹೇಳುತ್ತಾರೆ. ಅಕ್ಕಿ ಚೆಲ್ಲಿದರೆ ಯಾರೂ ಬೈಯುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಹುಡುಗಿ ಅಕ್ಕಿ ಆರಿಸುವಾಗ ನಾಲ್ಕು ಕಾಳು ಚೆಲ್ಲಿದರೆ ಅತ್ತೆಯ ಕಣ್ಣು ಕೆಂಪಾಗುತ್ತದೆ, ಆ ಮಾತು ಬೇರೆ.

ಇದೇಕೆ ನೆನಪಾಯಿತೆಂದರೆ, ಹೋದ ತಿಂಗಳು ಹುಬ್ಬಳ್ಳಿಯ ಒಂದು ಮನೆಯಲ್ಲಿ ಒಂದು ಹಳೆಯ ರಟ್ಟಿನ ಹಲಗೆ ನೋಡಿದೆ. ಅದರ ಮೇಲಿನ ಅಕ್ಷರ ನನ್ನವು. ಅದನ್ನು ಬರೆದು ಮೂವತ್ತು ವರ್ಷದ ಮೇಲಾಗಿದೆ. ಆ ಹಲಗೆಯ ದೆಸೆಯಿಂದ ನನ್ನಿಂದ ಒಂದು ತಪ್ಪು ನಡೆದಿತ್ತು. ಅದನ್ನು ಇಲ್ಲಿಯವರೆಗೆ ಎಲ್ಲಿಯೂ ಬರೆದಿರಲಿಲ್ಲ.

1988ರಲ್ಲಿ ಕುಂದಗೋಳ ತಾಲ್ಲೂಕಿನ ಒಂದು ಊರಿಗೆ ಹೈಸ್ಕೂಲು ಮಾಸ್ತರನಾಗಿ ಹೋದೆ. ಆಗಿನ್ನೂ ಹುಬ್ಬಳ್ಳಿಯಿಂದ ಮೀಟರ್ ಗೇಜ್ ರೈಲು. ಎರೆ ಭೂಮಿ, ಹತ್ತಿ, ಒಣಮೆಣಸಿನಕಾಯಿ. ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ಊರಿಗೆ ಊರೇ ಸೀನುತ್ತಿತ್ತು. ಒಂಟಿಯಾಗಿದ್ದ ನನಗೆ ಸಂಜೆ ಕಳೆಯುವುದೇ ಕಷ್ಟ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಒಂದು ದಿನ, ‘ಶುಕ್ರವಾರ ಸಂಜೀಕ ಮನಿಗೆ ಬರ್ರಿ. ನಾಕು ಮಂದಿ ಕೂಡತೇವಿ, ಮಾತಾಡತೇವಿ. ಚಹಾ ಅಂತೂ ಐತಿ’ ಎಂದರು.

ಅವರು ಬೆಟಗೇರಿ ಕಡೆಯವರು. ಮುತ್ತಜ್ಜನ ಕಾಲಕ್ಕೆ ಬಾಸೆಲ್ ಮಿಶನ್ ಸಭೆಗೆ ಸೇರಿದ ಮನೆತನ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಂಟು ಹತ್ತು ಜನ ಕೂಡುತ್ತಿದ್ದರು. ಒಬ್ಬರು ಸತ್ಯವೇದದ ಒಂದು ಭಾಗ ಓದುವುದು, ಆಮೇಲೆ ಅದರ ಮೇಲೆ ಮಾತು. ಬರುತ್ತಿದ್ದವರಲ್ಲಿ ಎರಡು ಪ್ರಾಟೆಸ್ಟಂಟ್ ಮನೆಯವರು, ರೈಲ್ವೆಯಲ್ಲಿದ್ದ ಒಬ್ಬ ಕ್ಯಾಥೊಲಿಕರು, ಸರಕಾರಿ ದವಾಖಾನೆಯ ನರ್ಸಬಾಯಿ. ಕ್ರೈಸ್ತರಲ್ಲದವರೂ ಇದ್ದರು: ನಿವೃತ್ತ ತಲಾಟಿ ಒಬ್ಬರು, ಟೇಲರ್ ಸಾಹೇಬರೊಬ್ಬರು, ಆಮೇಲೆ ನಾನು. ತಲಾಟಿಯವರಿಗೆ ಬೈಬಲ್ಲಿಗಿಂತ ವಾದದ ಮೇಲೆ ಪ್ರೀತಿ ಹೆಚ್ಚು. ಯೋಬನ ಪುಸ್ತಕ ಓದಿದ ದಿನ ಅವರು, ‘ಈ ಮನುಷ್ಯಾ ನಮ್ಮ ಕಡೆ ರೈತ ಇದ್ದಂಗ ಇದ್ದಾನ’ ಎಂದದ್ದು ಇನ್ನೂ ನೆನಪಿದೆ.

ಎಲ್ಲಿ ಮಾತು ಇರುತ್ತದೋ ಅಲ್ಲಿ ಜಗಳವೂ ಇರುತ್ತದೆ. ದೀಕ್ಷಾಸ್ನಾನವನ್ನು ಕೂಸಿಗೆ ನೀರು ಚಿಮುಕಿಸಿ ಮಾಡಬೇಕೋ, ದೊಡ್ಡವರಾದ ಮೇಲೆ ಪೂರ್ತಿ ಮುಳುಗಿಸಿ ಮಾಡಬೇಕೋ ಎಂಬ ವಾದದಲ್ಲಿ ಎರಡು ಮನೆಗಳು ಆರು ತಿಂಗಳು ಮಾತು ಬಿಟ್ಟಿದ್ದವು. ಹೊರಗಿನವನಾದ ನನಗೆ ಇದು ನಗೆಯ ವಿಷಯವಾಗಿ ಕಂಡಿತ್ತು. ಆದರೆ ನಮ್ಮ ಮನೆಗಳಲ್ಲಿ ವಿಭೂತಿ ಅಡ್ಡವೋ ನಾಮ ಉದ್ದವೋ ಎಂದು ತಲೆ ಒಡೆದುಕೊಂಡವರ ಕತೆ ನೆನೆದು ಸುಮ್ಮನಾದೆ. ಮತ್ತೊಮ್ಮೆ ನರ್ಸಬಾಯಿ ಪ್ರಾರ್ಥನೆಗೆಂದು ಹೇಳಿಕೊಂಡ ಮನೆಯ ಕಷ್ಟವೊಂದು ಸೋಮವಾರದ ಹೊತ್ತಿಗೆ ಬಾವಿಕಟ್ಟೆಯಲ್ಲಿ ಕೇಳಿಬಂತು. ಅವರು ಎರಡು ತಿಂಗಳು ಬರಲಿಲ್ಲ.

ಆಗ ಡ್ರಾಯಿಂಗ್ ಮಾಸ್ತರರು ನಿಯಮಗಳನ್ನು ಮಾಡಿದರು. ನನ್ನ ಅಕ್ಷರ ದುಂಡಗಿದ್ದವೆಂದು ರಟ್ಟಿನ ಮೇಲೆ ಬರೆಯುವ ಕೆಲಸ ನನಗೆ ಬಂತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ವಾಕ್ಯ ಹೇಳುವವರು ಯಾವ ಪುಸ್ತಕ, ಯಾವ ಅಧ್ಯಾಯ ಎಂದು ಹೇಳಬೇಕು. ‘ಎಲ್ಲೋ ಐತಿ’ ಎನ್ನುವಂತಿಲ್ಲ. ಇನ್ನೊಬ್ಬರ ಸಭೆಯನ್ನು, ಇನ್ನೊಬ್ಬರ ದೇವರನ್ನು ಹೀಯಾಳಿಸಬಾರದು. ಇಲ್ಲಿ ಹೇಳಿಕೊಂಡ ಕಷ್ಟ ಹೊಸ್ತಿಲು ದಾಟಬಾರದು. ಎದುರಿಗೆ ಇಲ್ಲದವರ ಮೇಲೆ ದೂರು ಹೇಳಬಾರದು. ಇನ್ನೂ ಒಂದೆರಡು ಇದ್ದವು. ಸಾಲ ಕೇಳಬಾರದು ಎಂಬುದನ್ನು ತಲಾಟಿಯವರು ಹಟ ಹಿಡಿದು ಸೇರಿಸಿದರು. ಅವರು ಯಾರಿಗೋ ಕೊಟ್ಟು ಕಳೆದುಕೊಂಡಿದ್ದರೆಂದು ಕಾಣುತ್ತದೆ.

ನಿಯಮಗಳೇನೋ ಒಳ್ಳೆಯವು. ಈಗಲೂ ಅವುಗಳಲ್ಲಿ ಒಂದನ್ನೂ ನಾನು ಅಳಿಸುವುದಿಲ್ಲ. ಒಂದೊಂದರ ಹಿಂದೆಯೂ ಯಾರೋ ಒಬ್ಬರ ಅಳು ಇತ್ತು. ಹಲಗೆ ಗೋಡೆಗೆ ಬಂದ ಮೇಲೆ ಎರಡು ವರ್ಷ ಕೂಟ ಚೆನ್ನಾಗಿ ನಡೆಯಿತು.

ಒಂದು ಶುಕ್ರವಾರ ಡ್ರಾಯಿಂಗ್ ಮಾಸ್ತರರ ಮಗಳಿಗೆ ಜ್ವರ ಬಂದು ಅವರು ಹುಬ್ಬಳ್ಳಿಗೆ ಹೋಗಿದ್ದರು. ‘ಕೂಟ ತಪ್ಪಸಬ್ಯಾಡ್ರಿ, ನೀವ ನಡಸ್ರಿ’ ಎಂದು ನನಗೆ ಹೇಳಿದ್ದರು. ಮಳೆ ಹಿಡಿದಿತ್ತು. ನಾವು ಐದೇ ಜನ. ಮಧ್ಯದಲ್ಲಿ ಒಬ್ಬ ಹುಡುಗ ಬಂದು ಚಪ್ಪಲಿ ಬಿಡುವ ಕಡೆಗೇ ಕುಳಿತ. ಹತ್ತಿ ಜಿನ್ನಿನಲ್ಲಿ ಕೆಲಸ ಮಾಡುವವನು. ತಲೆಗೂದಲಲ್ಲಿ ಇನ್ನೂ ಅರಳೆ ಅಂಟಿಕೊಂಡಿತ್ತು. ‘ಮ್ಯಾಲೆ ಬಾರಪಾ’ ಎಂದರೆ, ‘ಇಲ್ರಿ, ಮೈ ತೊಯ್ದೈತಿ’ ಎಂದ. ಮಾತು ಒಂದು ಸುತ್ತು ಮುಗಿದ ಮೇಲೆ ‘ನೀನೂ ಏನರ ಹೇಳೋದಿದ್ದರ ಹೇಳು’ ಎಂದೆ. ಅವನು ಅಣ್ಣನ ಹೆಸರು ಹೇಳಿ, ಅವನು ಹಿಂಗ ಮಾಡಿದ, ಹಂಗ ಅಂದ ಎಂದು ಶುರು ಮಾಡಿದ. ದನಿ ಏರಿತು. ಅಣ್ಣ ಊರಿನವನೇ. ಕೂತವರಿಗೆಲ್ಲ ಗೊತ್ತಿದ್ದವನು. ನಾನು ಕೈ ಎತ್ತಿ ಗೋಡೆಯ ಹಲಗೆ ತೋರಿಸಿದೆ. ‘ತಮ್ಮಾ, ಇಲ್ಲೆ ಎದುರಿಗೆ ಇಲ್ಲದವರ ಮಾತು ಆಡೂದಿಲ್ಲ. ಬರದೈತಿ ನೋಡು.’

ಅವನು ಹಲಗೆ ನೋಡಿದ. ಓದಲು ಬರುತ್ತಿತ್ತೋ ಇಲ್ಲವೋ, ಅದನ್ನೂ ನಾನು ಕೇಳಲಿಲ್ಲ. ‘ಆತ್ರಿ’ ಎಂದ. ಕೊಟ್ಟ ಚಹಾ ಕುಡಿದು, ಬಟ್ಟಲವನ್ನು ತಾನೇ ತೊಳೆದಿಟ್ಟು, ಮಳೆಯಲ್ಲೇ ಹೋದ. ಮುಂದಿನ ಶುಕ್ರವಾರ ಬರಲಿಲ್ಲ. ಆಮೇಲೆ ತಿಳಿಯಿತು: ಆ ದಿನ ಮಧ್ಯಾಹ್ನ ಅಣ್ಣ ಅವನನ್ನು ಮನೆಯಿಂದ ಹೊರಗೆ ಹಾಕಿದ್ದ. ರಾತ್ರಿ ಎಲ್ಲಿ ಮಲಗಬೇಕು ಎಂದು ಕೇಳಲು ಅವನು ಅಲ್ಲಿಗೆ ಬಂದಿದ್ದ.

ಮಾಸ್ತರರು ಹುಬ್ಬಳ್ಳಿಯಿಂದ ಬಂದು ಸುದ್ದಿ ಕೇಳಿದವರು ನನಗೆ ಏನೂ ಅನ್ನಲಿಲ್ಲ. ಸೈಕಲ್ ತೆಗೆದು ಜಿನ್ನಿಗೆ ಹೋದರು. ಹುಡುಗ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಿದ್ದ. ಗೋವಾ ಕಡೆ ಹೋಗಿರಬೇಕು ಎಂದರಂತೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದು ಕೂಟಕ್ಕೆ ಕಟ್ಟುಪಾಡು ಬೇಕು. ಇಲ್ಲದಿದ್ದರೆ ಅದು ಸಂತೆ. ಆದರೆ ಹೊಸದಾಗಿ ಬಂದವನಿಗೆ ಆ ಕಟ್ಟುಪಾಡನ್ನು ಹೇಳುವುದು ಯಾವಾಗ, ಹೇಗೆ, ಯಾರು? ಓದುವಾಗ, ಊರೂರು ತಿರುಗುವಾಗ ಇದಕ್ಕೆ ಸಂಬಂಧಪಟ್ಟದ್ದು ಕಂಡರೆ ಗುರುತು ಹಾಕಿಕೊಳ್ಳುತ್ತ ಬಂದಿದ್ದೇನೆ.

ಮೊದಲು ಕಂಡದ್ದು ಡ್ರಾಯಿಂಗ್ ಮಾಸ್ತರರ ಮುತ್ತಜ್ಜನ ಕಾಲದ ಸಂಗತಿಯೇ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡದಲ್ಲಿ 1837ಕ್ಕೆ, ಹುಬ್ಬಳ್ಳಿಯಲ್ಲಿ 1839ಕ್ಕೆ ಅವರ ಠಾಣೆಗಳಾದವು. ಬಂದು ಕಾಲೂರುವ ಹೊತ್ತಿಗೇ ಅವರಿಗೆ ಒಂದು ಬೆರಗು ಕಾದಿತ್ತು. ಈ ಸೀಮೆಯ ಲಿಂಗಾಯತರಲ್ಲಿ ಕಾಲಜ್ಞಾನದ ಮಾತುಗಳನ್ನು ನಂಬಿದ ಒಂದು ಪಂಗಡವಿತ್ತು. ಪರದೇಶದಿಂದ ಗುರುಗಳು ಬರುತ್ತಾರೆ ಎಂದು ತಮ್ಮ ಗ್ರಂಥಗಳಲ್ಲಿ ಇದೆಯೆಂದು ಅವರು ಪಾದ್ರಿಗಳಲ್ಲಿಗೆ ಬಂದರು. ಸಾವಿರಾರು ಜನ ಒಟ್ಟಿಗೆ ಬರುವ ಮಾತು. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರಾದ ಹರ್ಮನ್ ಮೋಗ್ಲಿಂಗ್, ಈ ಸುದ್ದಿಯ ಬೆನ್ನು ಹತ್ತಿ ಮಂಗಳೂರು ಬಿಟ್ಟು ಇಲ್ಲಿಗೆ ಬಂದರು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಹೊಸಬರಿಗಾಗಿ ಹೊಲ ಮನೆಗಳ ಒಂದು ವಸಾಹತು ಕಟ್ಟುವ ಕೆಲಸವೂ ಶುರುವಾಯಿತು.

ಬಂದವರು ಕಡೆಗೂ ಒಳಗೆ ಬರಲಿಲ್ಲ. ಅವರಿಗೆ ಬೇಕಾದದ್ದು ಕುಲದೊಂದಿಗೆ, ಬಳಗದೊಂದಿಗೆ ಬರುವುದು. ಪಾದ್ರಿಗಳಿಗೆ ಬೇಕಾದದ್ದು ಒಬ್ಬೊಬ್ಬನೂ ಬೇರೆಬೇರೆಯಾಗಿ ಪಾಠ ಕಲಿತು, ಪಾಪ ಒಪ್ಪಿಕೊಂಡು, ದೀಕ್ಷಾಸ್ನಾನ ಮಾಡಿಸಿಕೊಂಡು ಬರುವುದು. ಜರ್ಮನಿಯ ಊರಿನಲ್ಲಿ ಬೆಳೆದವನಿಗೆ ಅದು ಸಹಜ. ಹುಬ್ಬಳ್ಳಿ ಸುತ್ತಿನ ಒಕ್ಕಲಿಗನಿಗೆ, ತಮ್ಮಂದಿರನ್ನು ಬಿಟ್ಟು ಒಬ್ಬನೇ ಹೊಸ್ತಿಲು ದಾಟುವುದೆಂದರೆ ಸತ್ತಂತೆ. ಕೆಲವೇ ವರ್ಷಗಳಲ್ಲಿ ಆ ದೊಡ್ಡ ಆಸೆ ಕರಗಿತು. ಮಲ್ಲಸಮುದ್ರದ ಯೋಜನೆಯೂ ಅಂದುಕೊಂಡಂತೆ ಬೆಳೆಯಲಿಲ್ಲ.

ಇಲ್ಲಿ ಪಾದ್ರಿಗಳದೇ ತಪ್ಪು ಎನ್ನುವವರಿದ್ದಾರೆ, ಬಂದವರಲ್ಲಿ ಲಾಭದ ಆಸೆಯಿತ್ತು ಎನ್ನುವವರೂ ಇದ್ದಾರೆ. ನನಗೆ ಕಾಣುವುದಿಷ್ಟು: ಎರಡೂ ಕಡೆಯವರು ತಮ್ಮ ತಮ್ಮ ಹಲಗೆ ತೋರಿಸಿದರು. ಮಿಶನ್ನಿನವರ ಪರವಾಗಿ ಒಂದು ಮಾತು ಹೇಳಲೇಬೇಕು. ಜಾತಿ ಬಿಟ್ಟು ಬಾ ಎಂದು ಹೇಳಿದ ಮೇಲೆ, ಬಂದವನ ಹೊಟ್ಟೆಯ ಹೊಣೆ ತಮ್ಮದು ಎಂಬುದನ್ನು ಅವರು ಮರೆಯಲಿಲ್ಲ. ಮನೆಯವರು ಹೊರಗೆ ಹಾಕಿದ ಹೊಸ ಕ್ರೈಸ್ತರಿಗಾಗಿಯೇ ಕರಾವಳಿಯಲ್ಲಿ ನೇಯ್ಗೆಯ ಕಾರಖಾನೆ ಬಂತು. 1865ರಲ್ಲಿ ಮಂಗಳೂರಿನ ಹೆಂಚಿನ ಕಾರಖಾನೆ ಬಂತು. ಹೊಸಬನಿಗೆ ನಿಯಮ ಹೇಳುವವನು ಅವನಿಗೆ ರಾತ್ರಿ ಮಲಗಲು ಜಾಗವನ್ನೂ ತೋರಿಸಬೇಕೆಂಬುದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆ ಜಾಗದ ಬೆಲೆ ಎಷ್ಟು ಎಂಬುದಕ್ಕೆ ಆನಂದರಾವ್ ಕೌಂಡಿನ್ಯರ ಕತೆ ಇದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ 1844ರ ಜನವರಿಯಲ್ಲಿ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಆತ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ತಿರುಗಿ ಬಂದರು. ಒಂದು ಕಡೆಯ ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಕಡೆಯ ಬಾಗಿಲು ಪೂರ್ತಿ ತೆರೆಯದಿದ್ದರೆ ಅಂಥವರ ಗತಿ ಏನಾಗುತ್ತಿತ್ತು?

ಇನ್ನೊಂದು ತಮಾಷೆಯೆಂದರೆ, ಬಾಗಿಲಲ್ಲಿ ನಿಂತು ಸ್ವಾಗತಿಸುತ್ತಿದ್ದ ಪಾದ್ರಿಗಳೇ ಈ ನಾಡಿಗೆ ಹೊಸಬರು. 1853ರಲ್ಲಿ ಬಂದ ಕಿಟೆಲ್ ನಮ್ಮ ಸೀಮೆಯ ಜನರೊಂದಿಗೆ ಕೂತು ಕನ್ನಡ ಕಲಿತರು. 1862ರಲ್ಲಿ ಯೇಸುವಿನ ಕತೆಯನ್ನು ಷಟ್ಪದಿಯಲ್ಲಿ ಕಟ್ಟಿ ‘ಕಥಾಮಾಲೆ’ ಎಂದು ಅಚ್ಚು ಹಾಕಿಸಿದರು. ಕನ್ನಡದ ಕಾವ್ಯಸಭೆಗೆ ಬರುವವನು ಇಲ್ಲಿಯ ಛಂದಸ್ಸಿಗೆ ತಲೆಬಾಗಿ ಬರಬೇಕೆಂದು ಅವರಿಗೆ ಯಾರೂ ಹಲಗೆ ತೋರಿಸಿರಲಿಲ್ಲ. 1894ರ ಅವರ ನಿಘಂಟು ಇಂದಿಗೂ ನನ್ನ ಮೇಜಿನ ಮೇಲಿದೆ. ಹೊಸಬನೊಬ್ಬ ಮನೆಯ ಪಾತ್ರೆ ಪಗಡ ಎಲ್ಲವನ್ನೂ ಎಣಿಸಿ ಪಟ್ಟಿ ಮಾಡಿಟ್ಟು ಹೋದಂತೆ.

ಆದಿಸಭೆಯವರಿಗೇ ಈ ತೊಡಕು ಎದುರಾಗಿತ್ತೆಂದು ನನಗೆ ತೋರಿಸಿಕೊಟ್ಟವರು ಡ್ರಾಯಿಂಗ್ ಮಾಸ್ತರರು. ‘ಅಪೊಸ್ತಲರ ಕೃತ್ಯಗಳು’ 15ನೆಯ ಅಧ್ಯಾಯ. ಮೊದಲ ಕ್ರೈಸ್ತರೆಲ್ಲ ಯೆಹೂದ್ಯರು. ಯೆಹೂದ್ಯರಲ್ಲದವರು ಬರತೊಡಗಿದಾಗ, ಅವರು ಸುನ್ನತಿ ಮಾಡಿಸಿಕೊಂಡು ಮೋಶೆಯ ಶಾಸ್ತ್ರವನ್ನೆಲ್ಲ ಹೊರಬೇಕೋ ಬೇಡವೋ ಎಂದು ದೊಡ್ಡ ವಾದವೆದ್ದಿತು. ಯೆರೂಸಲೇಮಿನಲ್ಲಿ ಹಿರಿಯರು ಕೂಡಿ ತೀರ್ಮಾನ ಮಾಡಿದರು. ತಮ್ಮ ಹಿರಿಯರಿಂದಲೂ ತಮ್ಮಿಂದಲೂ ಹೊರಲಾಗದ ನೊಗವನ್ನು ಹೊಸಬರ ಹೆಗಲಿಗೆ ಏಕೆ ಇಡಬೇಕು ಎಂದು ಪೇತ್ರ ಕೇಳಿದ. ಕೊನೆಗೆ ಉಳಿದದ್ದು ನಾಲ್ಕೇ: ವಿಗ್ರಹಕ್ಕೆ ಒಪ್ಪಿಸಿದ್ದನ್ನು ತಿನ್ನಬಾರದು, ರಕ್ತ ಬೇಡ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ ಬೇಡ, ಹಾದರ ಬೇಡ. ಅದನ್ನು ಒಂದು ಕಾಗದದಲ್ಲಿ ಬರೆದು, ಬರೀ ಕಾಗದ ಕಳಿಸದೆ, ಬಾಯಿಂದಲೂ ಹೇಳಲು ಇಬ್ಬರು ಮನುಷ್ಯರನ್ನು ಜೊತೆಗೆ ಕಳಿಸಿದರು. ಮಾಸ್ತರರು ಈ ಕೊನೆಯ ಸಂಗತಿಯ ಮೇಲೆ ಬೆರಳಿಟ್ಟು, ‘ಇದನ್ನ ನೋಡ್ರಿ’ ಎಂದಿದ್ದರು. ನನ್ನ ತಪ್ಪಿನ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಂತೂ ನಮ್ಮ ಶುಕ್ರವಾರವೇ ಇದೆ. ಚಿನ್ನದ ಉಂಗುರ ಹಾಕಿಕೊಂಡವನು ಸಭೆಗೆ ಬಂದರೆ ಒಳ್ಳೆಯ ಜಾಗ, ಕೊಳೆ ಬಟ್ಟೆಯ ಬಡವ ಬಂದರೆ ಅಲ್ಲಿ ನಿಂತುಕೋ ಎನ್ನುತ್ತೀರಲ್ಲ ಎಂದು ಯಾಕೋಬ ಗದರಿಸುತ್ತಾನೆ. ನಾವು ‘ಮೇಲೆ ಬಾ’ ಎಂದಿದ್ದೆವು ನಿಜ. ಒಮ್ಮೆ ಅಂದು ಸುಮ್ಮನಾದೆವು. ಎದ್ದು ಹೋಗಿ ಕೈ ಹಿಡಿದು ಕರೆತರಲಿಲ್ಲ. ತಲಾಟಿಯವರ ಮನೆಗೆ ಬೀಗರು ಬಂದರೆ ಒಮ್ಮೆ ಕರೆದು ಬಿಡುತ್ತಾರೆಯೇ?

ಬೀಗರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅತಿಥಿ ಬೇರೆ, ಹೊಸಬ ಬೇರೆ. ಬೀಗರು ಬಂದರೆ ಯಾವ ನಿಯಮವೂ ಇಲ್ಲ. ಹೋಳಿಗೆ ತುಪ್ಪ ಅಷ್ಟೆ. ಏಕೆಂದರೆ ಅವರು ನಾಳೆ ಹೋಗುತ್ತಾರೆ. ಸೊಸೆ ಬಂದವಳು ಹೋಗುವುದಿಲ್ಲ, ಅದಕ್ಕೇ ನಿಯಮ. ಇಟಲಿಯ ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ತನ್ನ ಮಠಗಳಿಗಾಗಿ ಬರೆದ ಕಟ್ಟಳೆಯಲ್ಲಿ ಈ ಭೇದ ಬಹಳ ಸ್ಪಷ್ಟವಾಗಿದೆ. ಅತಿಥಿಯನ್ನು ಕ್ರಿಸ್ತನೇ ಬಂದನೆಂಬಂತೆ ಬರಮಾಡಿಕೊಳ್ಳಬೇಕು. ಆದರೆ ಮಠ ಸೇರಲು ಬಂದವನನ್ನು ನಾಲ್ಕೈದು ದಿನ ಬಾಗಿಲು ಬಡಿಯಲು ಬಿಡಬೇಕು. ಒಳಗೆ ಬಂದ ಮೇಲೆ ಅವನನ್ನು ನೋಡಿಕೊಳ್ಳಲು ಒಬ್ಬ ಹಿರಿಯ ಇರಬೇಕು. ಎರಡು ತಿಂಗಳಾದ ಮೇಲೆ ಇಡೀ ಕಟ್ಟಳೆಯನ್ನು ಅವನ ಮುಂದೆ ಓದಬೇಕು: ನಡೆಸಲಾಗುವುದಾದರೆ ಇರು, ಆಗದಿದ್ದರೆ ಹೋಗಲು ನೀನು ಸ್ವತಂತ್ರ. ಮತ್ತೆ ಆರು ತಿಂಗಳಿಗೆ ಒಮ್ಮೆ, ಆಮೇಲೆ ನಾಲ್ಕು ತಿಂಗಳಿಗೆ ಒಮ್ಮೆ ಓದಬೇಕು. ಅಲ್ಲಿಗೆ ಒಂದು ವರ್ಷ. ಬಿಗಿಯಾದ ಮನುಷ್ಯನೇ. ಆದರೆ ಅವನೂ ಮೊದಲ ಸಂಜೆಯೇ ಓದಿಸಲಿಲ್ಲ.

ಹೀಗೆ ಪರೀಕ್ಷೆ ಮಾಡಿ ಒಳಗೆ ಬಿಡುವ ಪದ್ಧತಿಗೆ ದೂರ ಹೋಗಬೇಕಾಗಿಲ್ಲ. ಕುಂದಗೋಳದಲ್ಲೇ ಇದೆ. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆ ಬಿಟ್ಟು, ಊರೂರು ಅಲೆದು, 1936ರಲ್ಲಿ ಸವಾಯಿ ಗಂಧರ್ವರ ಬಾಗಿಲಿಗೆ ಬಂದ. ಗುರುಗಳು ಕೂಡಲೇ ತಂಬೂರಿ ಕೈಗೆ ಕೊಡಲಿಲ್ಲ. ನೀರು ಹೊರುವುದು, ಮನೆಗೆಲಸ, ಇದೇ ಪಾಠವಾಗಿತ್ತು ಬಹಳ ದಿನ. ಅದೇ ಗುರುಗಳಲ್ಲಿಗೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಹಾಗೆ ಕಲಿಯಲು ಹೋಗುವುದಕ್ಕೆ ಜನ ಏನೆಂದರೋ ಅದನ್ನೆಲ್ಲ ಕೇಳಿಸಿಕೊಂಡೇ ಹೋದರು. ಈ ಕತೆಗಳನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತಾರೆ: ನೋಡ್ರಿ, ಹಂಗ ಕಷ್ಟಪಡಬೇಕು. ನಾನೂ ಹೇಳಿದ್ದೇನೆ. ಆದರೆ ಸಂಗೀತ ಬೇಕೇಬೇಕೆಂದು ಬಂದವನು ನೀರು ಹೊತ್ತಾನು. ಹಾಗೆ ಹಟ ಹಿಡಿಯುವ ಶಕ್ತಿಯಿಲ್ಲದೆ ತಿರುಗಿ ಹೋದವರ ಲೆಕ್ಕ ಯಾರ ಬಳಿಯೂ ಇಲ್ಲ. ನಮ್ಮ ಜಿನ್ನಿನ ಹುಡುಗ ಆ ಲೆಕ್ಕಕ್ಕೆ ಸೇರಿದವನು.

ಅದೇ ಕುಂದಗೋಳ ತಾಲ್ಲೂಕಿನಲ್ಲಿ ಕಳಸ ಎಂಬ ಊರಿದೆ. ಗೋವಿಂದ ಭಟ್ಟರ ಊರು. ಶಿಶುನಾಳದ ಶರೀಫರನ್ನು ಶಿಷ್ಯನಾಗಿ ತೆಗೆದುಕೊಂಡವರು ಅವರು. ಜನ ಹೇಳುವ ಕತೆ ಹೀಗೆ: ಹುಡುಗನನ್ನು ಕಂಡು ಭಟ್ಟರು ‘ನಿಮ್ಮಪ್ಪ ಯಾರೋ?’ ಎಂದರಂತೆ. ನಿಮ್ಮಪ್ಪ ಯಾರೋ ಅವನೇ ನಮ್ಮಪ್ಪನೂ ಎಂದು ಹುಡುಗ ಹೇಳಿದನಂತೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಮುಸಲ್ಮಾನನ ಜೊತೆ ಕೂತು ಉಣ್ಣುತ್ತಾನೆ ಎಂದು ಅಗ್ರಹಾರದವರು ಸಿಟ್ಟಾದಾಗ ಭಟ್ಟರು ತಮ್ಮ ಜನಿವಾರವನ್ನೇ ಶಿಷ್ಯನ ಕೊರಳಿಗೆ ಹಾಕಿದರು ಎನ್ನುತ್ತಾರೆ. ಭಟ್ಟರಿಗೆ ತಮ್ಮ ಕೂಟದ ಕಟ್ಟುಪಾಡು ಗೊತ್ತಿರಲಿಲ್ಲವೆಂದಲ್ಲ. ಹೊಸಬನ ಪರವಾಗಿ ಅದರ ಬೆಲೆಯನ್ನು ತಾವು ತೆತ್ತರು. ಈ ಸೀಮೆಯ ಜನ ಇವರಿಬ್ಬರ ಜೊತೆಗೆ ನವಲಗುಂದದ ನಾಗಲಿಂಗಸ್ವಾಮಿಗಳನ್ನೂ ನೆನೆಯುತ್ತಾರೆ. ಆ ಮಠದಲ್ಲಿ ತೂತು ಬಿದ್ದ ಒಂದು ಬೈಬಲ್ಲನ್ನು ಇಂದಿಗೂ ಭಕ್ತಿಯಿಂದ ಇಟ್ಟುಕೊಂಡಿದ್ದಾರೆ. ತೂತಿನ ಬಗ್ಗೆ ಭಕ್ತರು ಹೇಳುವ ಕತೆಗಳು ಒಂದೆರಡಲ್ಲ. ನನಗೆ ಸೋಜಿಗವೆನಿಸುವುದು ಆ ಪುಸ್ತಕ ಅಲ್ಲಿ ಜಾಗ ಪಡೆದ ರೀತಿ. ಹುಬ್ಬಳ್ಳಿ ಧಾರವಾಡದಲ್ಲಿ ಪಾದ್ರಿಗಳು ಅದಕ್ಕಾಗಿ ಎಷ್ಟೊಂದು ಕಟ್ಟಳೆ ಮಾಡಿಕೊಂಡಿದ್ದರು! ನವಲಗುಂದದ ಮಠಕ್ಕೆ ಅದು ಹೇಳದೆ ಕೇಳದೆ ಬಂದು ಕೂತಿತು.

ಮಾತಿನ ಕೂಟ ಎಂದಮೇಲೆ ಅನುಭವ ಮಂಟಪವನ್ನು ಬಿಡುವಂತಿಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಕೇಳುವ ಪ್ರಶ್ನೆಗಳನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ದೂರದಿಂದ ಒಬ್ಬಳೇ ನಡೆದು ಬಂದ ಹೆಣ್ಣನ್ನು ನಿಲ್ಲಿಸಿಕೊಂಡು ನಿನ್ನ ಗಂಡ ಯಾರು, ಎಲ್ಲ ಬಿಟ್ಟವಳು ಕೂದಲಿನಿಂದ ಮೈ ಏಕೆ ಮುಚ್ಚಿಕೊಂಡೆ ಎಂದು ಕೇಳುವುದೇ? ಇಷ್ಟು ಒರಟು ಸ್ವಾಗತ ಎಲ್ಲಿಯಾದರೂ ಉಂಟೇ? ಮತ್ತೆ ಮತ್ತೆ ಓದಿದಾಗ ಬೇರೆ ಒಂದು ಕಂಡಿತು. ಅಲ್ಲಮ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾನೆ. ಅವಳು ಹೇಳುತ್ತಾಳೆ, ಅವನು ಕೇಳಿಸಿಕೊಂಡು ಇನ್ನೊಂದು ಕೇಳುತ್ತಾನೆ. ಕೊನೆಗೆ ಸೋಲುವವನೂ ಅವನೇ. ಸಭೆ ಅವಳಿಗೆ ತಲೆಬಾಗುತ್ತದೆ. ಹಲಗೆ ತೋರಿಸುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಇರುವ ಅಂತರ ಅಲ್ಲಿದೆ. ನಾನು ಆ ಹುಡುಗನಿಗೆ ‘ಅಣ್ಣ ಏನು ಮಾಡಿದ?’ ಎಂಬ ಮೂರು ಶಬ್ದ ಕೇಳಿದ್ದರೆ ಸಾಕಿತ್ತು. ನಮ್ಮ ನಿಯಮವೇನೋ ಮುರಿಯುತ್ತಿತ್ತು.

ಮುರಿಯುತ್ತಿರಲಿಲ್ಲ ಎಂದೇ ಈಗ ಅನ್ನಿಸುತ್ತದೆ. ಎದುರಿಗೆ ಇಲ್ಲದವರ ದೂರು ಹೇಳಬಾರದು ಎಂಬುದನ್ನು ಮಾಸ್ತರರು ತೆಗೆದುಕೊಂಡದ್ದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಿಂದ. ಅಲ್ಲಿ ಹೇಳಿರುವುದು ಬಾಯಿ ಮುಚ್ಚಿಕೊಂಡಿರು ಎಂದಲ್ಲ. ಸಹೋದರ ನಿನಗೆ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಅವನ ಹತ್ತಿರ ಹೋಗಿ ಮಾತಾಡು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಆ ಹುಡುಗ ಅಣ್ಣನ ಹತ್ತಿರ ಮಾತಾಡಿ ಹೊರಬಿದ್ದೇ ಬಂದಿದ್ದ. ಇನ್ನಿಬ್ಬರನ್ನು ಹುಡುಕುತ್ತ ಬಂದಿದ್ದ. ನಾವು ಐದು ಜನ ಇದ್ದೆವು. ಅಣ್ಣನ ಮನೆ ನಾಲ್ಕು ಓಣಿ ದಾಟಿದರೆ ಸಿಗುತ್ತಿತ್ತು. ತಲಾಟಿಯವರು ಹೋಗಿ ಬಾಗಿಲಲ್ಲಿ ಕೆಮ್ಮಿದ್ದರೂ ಅವನು ತಮ್ಮನನ್ನು ಒಳಗೆ ಕರೆದುಕೊಳ್ಳುತ್ತಿದ್ದನೇನೋ. ನಿಯಮದ ಹಿಂದಿನ ಅರ್ಧ ನಾನು ಬರೆದಿದ್ದೆ, ಮುಂದಿನ ಅರ್ಧ ನನಗೆ ಗೊತ್ತಿರಲಿಲ್ಲ.

ಎಲ್ಲ ನಿಯಮಗಳಿಗೂ ಹೀಗೆ ಒಂದು ಮುಂದಿನ ಅರ್ಧ ಇರುತ್ತದೆ ಎಂದು ಕಾಣುತ್ತದೆ. ಅದು ಹಲಗೆಯ ಮೇಲೆ ಇರುವುದಿಲ್ಲ; ಬಹಳ ದಿನ ಕೂತವರ ತಲೆಯಲ್ಲಿ ಇರುತ್ತದೆ. ಹಳಬರು ಹಲಗೆ ಓದುವಾಗ ಎರಡೂ ಅರ್ಧ ಕೇಳಿಸುತ್ತವೆ. ಹೊಸಬನಿಗೆ ಕೇಳುವುದು ‘ಬಾರದು’ ಎಂಬುದೊಂದೇ.

ಇದನ್ನು ಬರೆಯುವಾಗ ಅಣ್ಣಿಗೇರಿಯೂ ನೆನಪಾಗುತ್ತಿದೆ. ಪಂಪನ ತಾಯಿಯ ಊರು. ಅವನ ತಂದೆ ಭೀಮಪಯ್ಯ ಬ್ರಾಹ್ಮಣ ವಂಶದಲ್ಲಿ ಹುಟ್ಟಿ ಜೈನಧರ್ಮಕ್ಕೆ ಬಂದವನು. ಅಂದರೆ ಬಸದಿಗೆ ಹೊಸಬ. ಬಸದಿಯವರು ಅವನಿಗೆ ಮೊದಲ ದಿನ ಏನು ಹೇಳಿದರು ಎಂದು ಯಾವ ಶಾಸನವೂ ಹೇಳುವುದಿಲ್ಲ. ಹೇಗೋ ಕೂಡಿಸಿಕೊಂಡರು. ಅವನ ಮಗ ‘ಆದಿಪುರಾಣ’ವನ್ನೂ ಬರೆದ, ‘ವಿಕ್ರಮಾರ್ಜುನ ವಿಜಯ’ವನ್ನೂ ಬರೆದ. ಬಾಗಿಲಲ್ಲಿ ಯಾರೋ ಒಬ್ಬ ನನ್ನಂಥ ಮಾಸ್ತರ ಕೈ ಎತ್ತಿ ಹಲಗೆ ತೋರಿಸಿದ್ದರೆ? ಇದು ವಾದವಲ್ಲ, ಸುಮ್ಮನೆ ಬಂದ ಯೋಚನೆ.

ಹೋದ ತಿಂಗಳ ವಿಷಯಕ್ಕೆ ಬರುತ್ತೇನೆ. ಡ್ರಾಯಿಂಗ್ ಮಾಸ್ತರರು ತೀರಿಕೊಂಡು ಕೆಲವು ವರ್ಷಗಳಾದವು. ಅಂದು ಜ್ವರ ಬಂದು ಮಲಗಿದ್ದ ಮಗಳು ಈಗ ಹುಬ್ಬಳ್ಳಿಯಲ್ಲಿ ಮನೆ ಮಾಡಿದ್ದಾಳೆ. ಆಕೆಯ ಮೊಮ್ಮಗುವಿಗೆ ಹೆಸರಿಡುವುದಕ್ಕೆ ಕರೆದಿದ್ದಳು. ಕಲಘಟಗಿಯ ಬಣ್ಣದ ತೊಟ್ಟಿಲು ತರಿಸಿದ್ದರು. ‘ಮಾಸ್ತರ ಕಾಕಾ ಬಂದ್ರು’ ಎಂದು ನನ್ನನ್ನು ಒಳಗೆ ಕರೆದು ಕೂಡಿಸಿದಳು. ಊಟವಾದ ಮೇಲೆ ನೋಡಿದರೆ ಗೋಡೆಯ ಮೇಲೆ ಆ ಹಲಗೆ. ರಟ್ಟು ಹಳದಿಯಾಗಿ ಅಂಚು ಇಲಿ ಕಚ್ಚಿದಂತಾಗಿದೆ.

‘ಇನ್ನೂ ಇಟ್ಟೀಯೇನ ತಂಗಿ?’ ಎಂದೆ.

‘ಶುಕ್ರವಾರ ಈಗೂ ಕೂಡತೇವ್ರಿ ಕಾಕಾ. ಅಪ್ಪಾ ಅದನ್ನ ತಗೀಬ್ಯಾಡ ಅಂದಿದ್ರು.’

ಹತ್ತಿರ ಹ��ಗಿ ಓದಿದೆ. ನನ್ನ ದುಂಡಕ್ಷರದ ಏಳು ಸಾಲು ಹಾಗೇ ಇವೆ. ಕೆಳಗೆ, ಡ್ರಾಯಿಂಗ್ ಮಾಸ್ತರರ ನೀಟಾದ ಅಚ್ಚಿನಂಥ ಅಕ್ಷರದಲ್ಲಿ, ಕೆಂಪು ಶಾಯಿಯ ಎಂಟನೆಯ ಸಾಲು. ನನಗೆ ವರ್ಗವಾಗಿ ಊರು ಬಿಟ್ಟ ಮೇಲೆ ಎಂದೋ ಬರೆದಿರಬೇಕು; ಅದನ್ನು ನಾನು ಅಂದೇ ಮೊದಲು ನೋಡಿದ್ದು. ಹೊಸದಾಗಿ ಬಂದವರಿಗೆ ಮೂರು ಶುಕ್ರವಾರ ಮೇಲಿನ ಯಾವ ನಿಯಮವೂ ಇಲ್ಲ. ಆ ಮೂರು ವಾರ ಹಳಬರು ಅವರ ಪಕ್ಕದಲ್ಲಿ ಕೂಡಬೇಕು, ಎಂದಿತ್ತು.

ಅದನ್ನು ಓದಿ ನಾನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ. ಹುಡುಗಿ ಚಹಾ ತಂದಳು. ‘ಒಬ್ಬ ಜಿನ್ನಿನ ಹುಡುಗ ಇದ್ದ, ನಿಮ್ಮಪ್ಪಗ ಮತ್ತ ಎಂದರ ಸಿಕ್ಕಿದ್ದನೇನ?’ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಆದರೆ ಮಾಸ್ತರರು ಗೋವಾಕ್ಕೆ ಹೋದಾಗಲೆಲ್ಲ ಮಡಗಾಂವದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಕೂಲಿಯವರು ಕಂಡರೆ ನಿಂತು ಮಾತಾಡಿಸುತ್ತಿದ್ದರಂತೆ. ಅದಕ್ಕೇ ಎಷ್ಟೋ ಸಲ ಬಸ್ಸು ತಪ್ಪಿತ್ತಂತೆ.